ಸದ್ದಿಲ್ಲದ ರೊಟ್ಟಿ

ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರ ಆಕೆ. ಅಂಥವಳು ನಮ್ಮ ಮಂಚದ ಕೆಳಗೆ ಮೊಣಕಾಲನ್ನು ಗದ್ದಕ್ಕೊತ್ತಿ, ಕಿವಿ ಮುಚ್ಚಿಕೊಂಡು ಮಲಗಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಸುಡಾನಿನಿಂದ ಫಾರ್ಮಸಿ ಓದಲು ಬಂದು ಮುಂಬಯಿಯ ವಿಲೆ ಪಾರ್ಲೆಯ ನಮ್ಮ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಅಷ್ಟೆಲ್ಲ ದೇಶಗಳನ್ನು ಬಿಟ್ಟು ಇಲ್ಲಿಗೇಕೆ ಎಂದು ಬಿಲ್ಡಿಂಗಿನವರು ಕೇಳಿದರೆ, ಫೀಸು ಕಡಿಮೆ, ಪಾಠ ಇಂಗ್ಲಿಷಿನಲ್ಲಿ ಎಂದು ಎಲ್ಲರಿಗೂ ಅದೇ ಉತ್ತರ ಒಪ್ಪಿಸುತ್ತಿದ್ದಳು. ನಿಜ ಹೇಳಿದ್ದು ಅವ್ವನಿಗೆ ಮಾತ್ರ, ಅವ್ವನಿಂದಲೇ ಕಲಿತ ಅರೆಬರೆ ಕನ್ನಡದಲ್ಲಿ.

"ಅಮ್ಮ ಭಾಳ ಹೆದರ್ತಾರ. ಬೇರೆ ದೇಶ ನಹೀ ಅಂದ್ರು. ಇಂಡಿಯಾದಾಗ ಮಗಳಿಗೆ ಭಯ ಇಲ್ಲ, ಹೋಗು ಅಂದ್ರು."

ಧಾರವಾಡದ ಕಡೆಯವರಾದ ನಮಗೆ ದಿನಾ ಜೋಳದ ರೊಟ್ಟಿಯೇ ಆಗಬೇಕು. ಅವರ ದೇಶದಲ್ಲೂ ಜೋಳವೇ ಊಟವಂತೆ. ಅವ್ವ ರೊಟ್ಟಿ ಬಡಿಯಲು ಕೂತರೆ ಅಕ್ಕ ಪುಸ್ತಕ ಹಿಡಿದು ಅಲ್ಲೇ ಗೋಡೆಗೆ ಒರಗುತ್ತಿದ್ದಳು. ಮೊದಲ ಬಿಸಿ ರೊಟ್ಟಿ ಅವಳಿಗೇ ಹೋಗುತ್ತಿತ್ತು, ನನಗೆ ಹೊಟ್ಟೆಕಿಚ್ಚು.

ಒಮ್ಮೆ ರಜೆಗೆ ಊರಿಗೆ ಹೋಗಿದ್ದಾಗ ಅಲ್ಲಿ ಯುದ್ಧ ಶುರುವಾಯಿತು. ಅಕ್ಕ ಹೇಗೋ ಹಿಂದಿರುಗಿದಳು. ತಾಯಿ ಅಲ್ಲೇ ಉಳಿದರು, ಅವರ ಫೋನು ಹತ್ತಲೇ ಇಲ್ಲ. ಅಕ್ಕ ಬಂದ ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ರೊಟ್ಟಿ ಬಡಿಯತೊಡಗಿದಳು, ಪಟಪಟಪಟ. ನೋಡಿದರೆ ಅಕ್ಕ ಮಂಚದ ಕೆಳಗಿದ್ದಳು.

"ಗೋಲಿ," ಎಂದಳು. ಗುಂಡು ಹಾರುತ್ತಿದೆ ಎಂದು. ನಾನೂ ತೂರಿಕೊಂಡು ಪಕ್ಕದಲ್ಲಿ ಮಲಗಿದೆ. ಅವಳ ಎದೆ ಹೊಡೆದುಕೊಳ್ಳುವುದು ಕೇಳಿಸಿ, ಅಡುಗೆಮನೆಯಲ್ಲಿರುವುದು ಅವ್ವನೇ ಎಂದು ಗೊತ್ತಿದ್ದೂ ನನಗೆ ಭಯವಾಯಿತು.

ಅಂದಿನಿಂದ ಅವ್ವ ಬಡಿಯುವುದು ಬಿಟ್ಟು ಲಟ್ಟಣಿಗೆ ಹಿಡಿದಳು. ಲಟ್ಟಿಸಿದ್ದು ರೊಟ್ಟಿಯೇ ಅಲ್ಲ ಎಂದು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದ ಹೆಂಗಸು ಅವಳು. ಅಪ್ಪ ಮುಖ ಸಿಂಡರಿಸಿದರೆ, "ಸುಮ್ನ ತಿನ್ರಿ," ಎನ್ನುತ್ತಿದ್ದಳು.

ಒಂದು ರವಿವಾರ ಊರಿಂದ ಸೋದರತ್ತೆ ಬಂದಳು. ಇದೊಂದೂ ತಿಳಿಯದೆ ಹಿಟ್ಟಿನ ಪರಾತ ಎಳೆದುಕೊಂಡು ರೊಟ್ಟಿ ಬಡಿಯಲು ಕೂತಳು. ಅದೇ ಹೊತ್ತಿಗೆ ಅಕ್ಕನಿಗೆ ವಿಡಿಯೊ ಕಾಲ್ ಬಂತು. ತಾಯಿ! ಗಡಿ ದಾಟಿ ಬದುಕಿದ್ದರು. ಎರಡು ಮಾತಾಡುವಷ್ಟರಲ್ಲಿ ಅಡುಗೆಮನೆಯಲ್ಲಿ ಪಟಪಟ ಶುರುವಾಯಿತು, ಆಕೆ ಚೀರಿದರು. ಏನೆಂದು ಅಕ್ಕ ಆಮೇಲೆ ಹೇಳಿದಳು: ಅಲ್ಲಿಗೂ ಬಂತೇ ಗುಂಡು?

ಅಕ್ಕ ಮಂಚದ ಕಡೆ ನೋಡಿದಳು. ನನ್ನ ಮುಂಗೈಯನ್ನು ಎಲುಬು ನೋಯುವಂತೆ ಹಿಡಿದು, ಎಳೆದುಕೊಂಡೇ ಅಡುಗೆಮನೆಗೆ ನಡೆದಳು. ಅವ್ವ ಅತ್ತೆಯ ಕೈ ತಡೆಯಹೋದಳು.

"ಬ್ಯಾಡ ಅವ್ವಾ. ಬಡೀಲಿ. ಅಮ್ಮ ನೋಡ್ಲಿ."

ಫೋನನ್ನು ರೊಟ್ಟಿಯತ್ತ ತಿರುಗಿಸಿ ಹಿಡಿದಳು. ಮತ್ತೆ ತನ್ನತ್ತ ತಿರುಗಿಸಿಕೊಂಡಾಗ, ತಾಯಿಗೆ ಕಾಣುವ ಮುಖ ಮಾತ್ರ ನಗುತ್ತಿತ್ತು. ಕೊನೆಯ ರೊಟ್ಟಿಯವರೆಗೂ ಅವಳು ನನ್ನ ಕೈ ಬಿಡಲಿಲ್ಲ.

ಓದು ಮುಗಿಸಿ ಅಕ್ಕ ತಾಯಿಯ ಬಳಿಗೆ ಹೋದಳು. ಅವ್ವ ಈಗ ಮತ್ತೆ ರೊಟ್ಟಿ ಬಡಿಯುತ್ತಾಳೆ. ಮೊದಲ ಬಡಿತಕ್ಕೆ ನಾನು ಈಗಲೂ ಬೆಚ್ಚುತ್ತೇನೆ. ಅಕ್ಕ ಹಿಡಿದಿದ್ದ ಮುಂಗೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಅಲ್ಲೇ ನಿಲ್ಲುತ್ತೇನೆ.