ಬಾಕ್ಸ್ ಹಿಲ್‌ನ ಸೋದರಮಾವ

2006ರಲ್ಲಿ ನಾನು ಸಿಡ್ನಿಯ ವೆಸ್ಟ್‌ಮೀಡ್‌ನ ಆಸ್ಪತ್ರೆಯೊಂದರಲ್ಲಿ ರಕ್ತರೋಗ ತಜ್ಞೆಯಾಗಿದ್ದೆ. ಉಡುಪಿ ಬಿಟ್ಟು ಆರು ವರ್ಷವಾಗಿತ್ತು. ನನ್ನ ಕೆಲಸದ ಅರ್ಧ ಭಾಗ ಸೂಜಿ, ಮೈಕ್ರೋಸ್ಕೋಪು. ಇನ್ನರ್ಧ ಮದುವೆ ದಲ್ಲಾಳಿಯ ಹಾಗೆ ಸಂಬಂಧ ಕೆದಕುವುದು. ನಿಮ್ಮ ಅಜ್ಜಿ ಎಲ್ಲಿಯವರು, ಅವರ ತಮ್ಮ ಯಾಕೆ ಸತ್ತ ಎಂದೆಲ್ಲ ಕೇಳಿದ್ದಕ್ಕೆ ನನಗೆ ಸಂಬಳ ಸಿಗುತ್ತಿತ್ತು. ನಮ್ಮೂರಲ್ಲಿ ಈ ಕೆಲಸವನ್ನು ಹೆಂಗಸರು ಪುಕ್ಕಟೆ ಮಾಡುತ್ತಾರೆ.

ಆ ವರ್ಷ ರೌಸ್ ಹಿಲ್‌ನಿಂದ ಫಿಯೋನಾ ಎಂಬ ಶಾಲಾ ಟೀಚರ್ ಬಂದಳು. ಆರು ತಿಂಗಳ ಬಸುರಿ. ಹೊಟ್ಟೆಯಲ್ಲಿರುವುದು ಗಂಡು ಎಂದು ಸ್ಕ್ಯಾನ್‌ನಲ್ಲಿ ಗೊತ್ತಾಗಿತ್ತು. ಆ ದೇಶದಲ್ಲಿ ಹೇಳುವುದಕ್ಕೆ ಅಡ್ಡಿಯಿಲ್ಲ. ಹಿಂದೊಮ್ಮೆ ಹಲ್ಲು ಕೀಳಿಸಿದಾಗ ದಿನಗಟ್ಟಲೆ ರಕ್ತ ಜಿನುಗಿತ್ತೆಂದು ಹೇಳಿದ್ದರಿಂದ ಹೆರಿಗೆ ವಿಭಾಗದವರು ಅವಳನ್ನು ನನ್ನ ಬಳಿ ಕಳಿಸಿದ್ದರು.

ನನಗೆ ಹಿಮೋಫಿಲಿಯಾದ ಅನುಮಾನ ಬಂತು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಕಡಿಮೆಯಾಗಿರುವ ಕಾಯಿಲೆ ಅದು. ಹೆಂಗಸರು ಅದನ್ನು ಮಕ್ಕಳಿಗೆ ದಾಟಿಸುತ್ತಾರೆ, ನರಳುವವರು ಹೆಚ್ಚಾಗಿ ಗಂಡುಮಕ್ಕಳು. ಮಗುವಿಗೆ ಆ ಕಾಯಿಲೆ ಇದ್ದು, ಹೆರಿಗೆಯಲ್ಲಿ ವ್ಯಾಕ್ಯೂಮ್ ಹಚ್ಚಿ ತಲೆ ಎಳೆದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಅಪಾಯ. ಆದರೆ ಬಸುರಿಯರಲ್ಲಿ ಆ ಅಂಶ ತಾನಾಗಿಯೇ ಏರುವುದರಿಂದ ಫಿಯೋನಾಳ ರಕ್ತಪರೀಕ್ಷೆ ಏನನ್ನೂ ಖಚಿತವಾಗಿ ಹೇಳಲಿಲ್ಲ. ಅದೇ ಕಾಯಿಲೆಯ ಗಂಡಸೊಬ್ಬ ಅವಳ ನೆಂಟರಲ್ಲಿ ಸಿಕ್ಕರೆ ಅವನ ಜೀನ್‌ನಲ್ಲಿರುವ ದೋಷ ಗುರುತಿಸಿ, ಅದು ಅವಳಲ್ಲೂ ಇದೆಯೇ ಎಂದು ನೋಡಬಹುದಿತ್ತು.

ಅವಳ ತಾಯಿ ತೀರಿಕೊಂಡಿದ್ದರು. ಮುಂದಿನ ಸಲ ಬರುವಾಗ ಅವಳು ತಾಯಿಯ ಮನೆತನದ ವಂಶವೃಕ್ಷವನ್ನು ಸುರುಳಿ ಸುತ್ತಿ ತಂದಳು. ಬಿಚ್ಚಿದರೆ ನನ್ನ ಮೇಜು ಸಾಲಲಿಲ್ಲ. ಸ್ಕಾಟ್ಲೆಂಡಿನ ಗೇಣಿದಾರನೊಬ್ಬ ಹಡಗು ಹತ್ತಿ ಬಂದು, ವಿಕ್ಟೋರಿಯಾದ ಪಶ್ಚಿಮಕ್ಕೆ ಹೋಗಿ, ಕುರಿ ಸಾಕಿ, ಗೋಧಿ ಬೆಳೆದು ಜಮೀನುದಾರನಾದ ಕಥೆ. ಅಪ್ಪ, ಮಗ, ಮೊಮ್ಮಗ ಎಂದು ಗಂಡಸರೇ ಸಾಲಾಗಿ ನಿಂತಿದ್ದರು. ಆ ನೆಲ ಮೊದಲು ಯಾರದಾಗಿತ್ತು ಎಂಬುದು ಅದರಲ್ಲಿರಲಿಲ್ಲ. ಹೆಂಗಸರೂ ಇರಲಿಲ್ಲ, ಅಲ್ಲಲ್ಲಿ 'ಮದುವೆಯಾದ' ಎಂದಷ್ಟೇ ಇತ್ತು.

ನಾನು ಅಳಿಯಕಟ್ಟಿನ ಮನೆಯವಳು. ನಮ್ಮಲ್ಲಿ ಮನೆತನ ಎಣಿಸುವುದು ತಾಯಿಯ ಕಡೆಯಿಂದ. ಹೆಂಗಸರಿಲ್ಲದ ವಂಶವೃಕ್ಷ ನೋಡಿ ನನಗೆ ಉಪ್ಪಿಲ್ಲದ ಊಟ ಬಡಿಸಿದಂತಾಯಿತು. ಹುಡುಕುತ್ತಾ ಹೋದಾಗ ಫಿಯೋನಾಳ ತಾಯಿಯ ತಮ್ಮನೊಬ್ಬ ಆರು ವರ್ಷಕ್ಕೇ ಕುದುರೆಯಿಂದ ಬಿದ್ದು ಸತ್ತದ್ದು ಕಂಡಿತು. ಬಿದ್ದ ಪೆಟ್ಟಿಗಿಂತ ರಕ್ತ ನಿಲ್ಲದೆ ಸತ್ತನೇ ಎಂಬ ಅನುಮಾನ ಬಂತು. ಹೆಸರು ಆಂಡ್ರೂ ಲೆನಾಕ್ಸ್.

"ಈ ಲೆನಾಕ್ಸ್ ಯಾರ ಹೆಸರು?"

"ಅಜ್ಜಿಯ ತವರುಮನೆಯದು. ಸ್ಕಾಟ್ಲೆಂಡಿನವರಲ್ಲಿ ಅಮ್ಮನ ಮನೆತನದ ಹೆಸರನ್ನು ಮಕ್ಕಳ ನಡುವಿನ ಹೆಸರಾಗಿ ಇಡ್ತಾರೆ," ಎಂದಳು ಫಿಯೋನಾ.

"ಆ ಹೆಸರಿಟ್ಟುಕೊಂಡವರು ಬೇರೆ ಯಾರಾದರೂ ಗೊತ್ತಾ?"

ಅವಳು ಯೋಚಿಸಿದಳು. ಅಮ್ಮನ ಅಂತ್ಯಕ್ರಿಯೆಗೆ ಎರಡು ಕೋಲೂರಿಕೊಂಡು ಒಬ್ಬರು ಬಂದಿದ್ದರಂತೆ. ಇಯನ್ ಲೆನಾಕ್ಸ್ ಬೇರ್ಡ್, ಅಜ್ಜಿಯ ಅಕ್ಕನ ಮಗ, ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ವಾಸ. ಮೊಣಕಾಲು ಪೂರ್ತಿ ಹಾಳಾಗಿದೆಯಂತೆ. ಕೀಲುಗಳಲ್ಲಿ ಮತ್ತೆ ಮತ್ತೆ ರಕ್ತ ಸೋರಿದರೂ ಮೊಣಕಾಲು ಹಾಳಾಗುತ್ತದೆ ಎಂದು ನನಗೆ ಗೊತ್ತಿತ್ತು.

ಫಿಯೋನಾ ಫೋನ್ ಮಾಡಿದರೆ ಇಯನ್ "ನನಗಿರೋದು ಬರೀ ಮಂಡಿನೋವು" ಎಂದು ಇಟ್ಟುಬಿಟ್ಟರು. ಆದರೂ ಮಾರನೆಯ ವಾರ ಅವರೇ ಫೋನ್ ಮಾಡಿ ಚಹಾಕ್ಕೆ ಬರಹೇಳಿದರು. ನನಗೂ ಮೆಲ್ಬರ್ನ್‌ನಲ್ಲಿ ಒಂದು ಮೀಟಿಂಗ್ ಇತ್ತು, ಇಬ್ಬರೂ ಹೊರಟೆವು.

ಎಪ್ಪತ್ತರ ಇಯನ್ ನಮಗೆ ತಾವೇ ಚಹಾ ಮಾಡಿಕೊಟ್ಟರು. ನಲವತ್ತನೇ ವಯಸ್ಸಿನಲ್ಲೇ ಡಾಕ್ಟರು ತಮಗೆ ಹಿಮೋಫಿಲಿಯಾ ಎಂದಿದ್ದನ್ನು ಒಪ್ಪಿಕೊಂಡರು. ರಕ್ತ ಕೊಡಲು ಮಾತ್ರ ಒಪ್ಪಲಿಲ್ಲ. "ಯಾರಿಗೂ ಹೇಳಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೀನಿ ಡಾಕ್ಟರ್. ಹೊರಗೆ ಗೊತ್ತಾದರೆ ಮನೆಯ ಹುಡುಗಿಯರಿಗೆ ಮದುವೆ ಆಗಲ್ಲ ಅಂತಿದ್ದಳು."

ಎಲ್ಲರ ಮನೆ ದೋಸೆಯೂ ತೂತೇ ಎಂದುಕೊಂಡೆ. "ಹುಡುಗಿಗೆ ಮದುವೆಯಾಗಿದೆ, ಹೊಟ್ಟೆ ನೋಡಿದರೂ ಗೊತ್ತಾಗುತ್ತೆ," ಎಂದೆ. ಅವರಿಗೆ ನಗು ಬಂತು. ಆಗ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ಬಿಟ್ಟೆ. "ನೀವು ಇವಳ ಅಮ್ಮನ ದೊಡ್ಡಮ್ಮನ ಮಗ. ನಮ್ಮ ಲೆಕ್ಕದಲ್ಲಿ ಸೋದರಮಾವ. ನಮ್ಮೂರಲ್ಲಿ ಸೋದರಮಾವ ಮುಂದೆ ನಿಲ್ಲದೆ ಯಾವ ಶುಭಕಾರ್ಯವೂ ನಡೆಯೋದಿಲ್ಲ. ಬೇಡ ಅನ್ನೋ ಹಕ್ಕು ನಿಮಗಿದೆ. ಆದರೆ ಈ ಮಗುವಿಗೆ ತಾಯಿಯ ಕಡೆಯಿಂದ ನಿಲ್ಲೋಕೆ ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ."

ಇಯನ್ ಚಹಾದ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಅಂಗಿಯ ತೋಳು ಮಡಚತೊಡಗಿದರು. ಇಲ್ಲಿ ಬೇಡ, ನಾಳೆ ಕ್ಲಿನಿಕ್‌ಗೆ ಹೋದರೆ ಸಾಕು ಎಂದು ನಾನೇ ತಡೆಯಬೇಕಾಯಿತು.

ಅವರ ಜೀನ್‌ನಲ್ಲಿ ಸಿಕ್ಕಿದ ದೋಷ ಫಿಯೋನಾಳಲ್ಲೂ ಇತ್ತು. ಮಗುವಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಇದೆಯೆಂದೇ ತಿಳಿದು ಹೆರಿಗೆ ಮಾಡಬೇಕು, ವ್ಯಾಕ್ಯೂಮ್ ಬೇಡ, ಫೋರ್ಸೆಪ್ಸ್ ಬೇಡ ಎಂದು ಹೆರಿಗೆ ವಿಭಾಗದವರೊಂದಿಗೆ ಗೊತ್ತುಮಾಡಿಕೊಂಡೆವು. ಹೆರಿಗೆಯ ದಿನ ಮಗು ಅರ್ಧದಲ್ಲೇ ನಿಂತಿತು. ಬೇರೆಯವರಾಗಿದ್ದರೆ ವ್ಯಾಕ್ಯೂಮ್ ಹಚ್ಚುವ ಘಳಿಗೆ ಅದು. ಸಿಸೇರಿಯನ್ ಮಾಡಿದರು. ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದಾಗ ಮಗುವಿಗೆ ಕಾಯಿಲೆ ಇರುವುದು ಖಚಿತವಾಯಿತು. ತಲೆಯಲ್ಲಿ ಒಂದು ಹನಿ ರಕ್ತಸ್ರಾವವೂ ಆಗಿರಲಿಲ್ಲ. ರಿಪೋರ್ಟ್ ಓದಿ ನಾನು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಇಯನ್ ವಿಮಾನ ಹತ್ತಿ ಬಂದರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು, "ನಮ್ಮ ಫಾರ್ಮ್‌ನಲ್ಲಿ ಅಣ್ಣಂದಿರೆಲ್ಲ ಕುರಿ ಉಣ್ಣೆ ಕತ್ತರಿಸೋರು. ನಾನು ಕಾಲು ಊದಿಸಿಕೊಂಡು ಮಲಗಿರ್ತಿದ್ದೆ. ಅಪ್ಪ ನನ್ನನ್ನು ಮೈಗಳ್ಳ ಅಂತಿದ್ದ. ನಲವತ್ತು ವರ್ಷ ಆಗೋವರೆಗೆ ನಾನೂ ಅದನ್ನೇ ನಂಬಿದ್ದೆ," ಎಂದರು. ಮಗುವಿನ ಕಾಲನ್ನು ಬೆರಳಿನಿಂದ ಮುಟ್ಟಿ, "ಇವನಿಗೆ ಯಾರೂ ಹಾಗನ್ನಲ್ಲ," ಎಂದರು.

ಲ್ಯಾಬ್ ಎಷ್ಟೇ ದೊಡ್ಡದಿರಲಿ, ಮನೆಯವರು ಬಾಯಿ ಬಿಡದಿದ್ದರೆ ವೈದ್ಯರ ಕೈಗೆ ಏನೂ ಸಿಗುವುದಿಲ್ಲ. ಅವರು ಬಾಯಿ ಬಿಡಬೇಕಾದರೆ ನೆಂಟರ ಹಾಗೆ ಕೂತು ಕೇಳಬೇಕು. ಇದನ್ನು ನನಗೆ ಕಲಿಸಿದವರು ಇಯನ್, ಅವರಿಗೆ ನಾನು ಋಣಿ. ಅಂದು ಲಿಫ್ಟ್‌ವರೆಗೆ ಬಿಡಲು ಹೋಗಿ ಥ್ಯಾಂಕ್ಸ್ ಹೇಳಿದೆ. ಅವರು ಕೋಲುಗಳನ್ನು ಒಂದೇ ಕೈಗೆ ತೆಗೆದುಕೊಂಡು ನನ್ನ ಕೈಹಿಡಿದು ಹೇಳಿದರು: "ನಾನೇ ಹೇಳಬೇಕು ಡಾಕ್ಟರ್. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ."