ಟೊಳ್ಳು ಪ್ಲೈವುಡ್ಡಿನ ಸೇಡು

ಕಾಲುವೆಗೆ ನೀರು ಬಂದು ಶಹಾಪುರದ ಸುತ್ತ ಭತ್ತ ಬೆಳೆದ ಮೇಲೆ ಮದುವೆಗಳ ಗದ್ದಲವೂ ಬೆಳೆಯಿತು. ದೊಡ್ಡ ಸ್ಪೀಕರ್ ಡಬ್ಬಿ ಬೇಕೆಂದು ಜನ ನನ್ನ ಹತ್ತಿರ ಬರತೊಡಗಿದರು. ನಾನು ಬಡಗಿ. ಊರಿನ ಪ್ಲೈವುಡ್ ವ್ಯಾಪಾರಿ ‘ಒಳಗ ಗಟ್ಟಿ ಅದ’ ಎಂದದ್ದನ್ನು ನಂಬಿ, ತಟ್ಟಿಯೂ ನೋಡದೆ ಮಾಡಿದ ಮೊದಲ ಜೋಡಿ ವಡಗೇರಾದ ಮದುವೆಗೆ ಹೋಯಿತು.

ಹಾಡಿನಲ್ಲಿ ಡೋಲಿನ ಪೆಟ್ಟು ಬಿದ್ದಾಗಲೆಲ್ಲ ಡಬ್ಬಿ ಝರ್ರ್ ಅಂದಿತು. “ಏನಪಾ, ಡಬ್ಬ್ಯಾಗ ಜೀರುಂಡಿ ಸಾಕೀಯೇನು?” ಎಂದು ಮದುಮಗನ ಸೋದರಮಾವ ಕೂಗಿದ. ಚಪ್ಪರದ ತುಂಬ ನಗು. ಮರುದಿನದಿಂದ ನಾನು ಜೀರುಂಡಿ ಬಡಗಿ. ಕೆಲಸ ಕೊಟ್ಟವರೆಲ್ಲ ಸುರಪುರದ ಬಡಗಿಯ ದಾರಿ ಹಿಡಿದರು.

ಡಬ್ಬಿ ಕೊಯ್ದು ನೋಡಿದೆ. ಮೇಲೆ ಹೊಳಪು, ನಡುವಿನ ಪದರದಲ್ಲಿ ಬೆರಳಗಲದ ಸಂದು. ಅಲ್ಲಿ ಸಡಿಲವಾಗಿದ್ದ ಚಕ್ಕೆಯೇ ಅದುರುತ್ತಿತ್ತು. ಆ ತುಂಡು ಹಿಡಿದು ಅಂಗಡಿಗೆ ಹೋದರೆ, ಗಿರಾಕಿಗಳೆದುರೇ ವ್ಯಾಪಾರಿ ಹೇಳಿದ: “ಮಾಲು ಚಲೋ ಅದ. ನಿನ್ನ ಕೈಯಾಗ ಕಸಬಿಲ್ಲ.”

ಅಬ್ಬಾ, ಆ ಮಾತು! ತಾಯಿ ಹೆಸರೆತ್ತಿ ಬೈದಿದ್ದರೂ ಮರೆಯುತ್ತಿದ್ದೆ. ಊಟಕ್ಕೆ ಕೂತರೂ ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ.

ಹಟ ಹಿಡಿದು ಪ್ಲೈವುಡ್ ಹಾಳೆ ಆರಿಸುವುದು ಕಲಿತೆ. ಗೇಣಿಗೊಂದು ಸಲ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿ ಇಡಬೇಕು. ಸಂದಿದ್ದಲ್ಲಿ ದನಿ ಬದಲಾಗುತ್ತದೆ. ಆಮೇಲೆ ಒಂದು ತುಂಡನ್ನು ಹಗ್ಗ ಕಟ್ಟಿ ಮೂರು ದಿನ ಕಾಲುವೆಯಲ್ಲಿ ಬಿಡಬೇಕು. ಅಂಟು ಕೆಟ್ಟದಾಗಿದ್ದರೆ ಪದರಗಳು ಬಿಚ್ಚುತ್ತವೆ. ಹೀಗೆ ಯಾದಗಿರಿಯಿಂದ ಹಾಳೆ ಆರಿಸಿ ತಂದು ಒಂದು ಜೋಡಿ ಮಾಡಿಟ್ಟೆ. ಕೊಳ್ಳುವವರೇ ಇರಲಿಲ್ಲ.

ಎರಡು ವರ್ಷಕ್ಕೆ ವ್ಯಾಪಾರಿಯ ಮಗನ ಮದುವೆ ಬಂತು. ಸುರಪುರದವನಿಗೆ ಪುರುಸೊತ್ತಿಲ್ಲವೆಂದು ಡಬ್ಬಿ ಮಾಡಲು ನನ್ನನ್ನೇ ಕರೆಸಿದ.

“ಹಾಳಿ ನೀವೇ ಆರಿಸಿ ಕೊಡ್ರಿ ಸಾವಕಾರ್ರ. ನನ್ನ ಕೈಯಾಗ ಕಸಬಿಲ್ಲಲ್ರಿ,” ಎಂದೆ.

ಆತ ಉಬ್ಬಿಹೋದ. ಮೇಲಿನ ಹೊಳಪು ಸವರಿ ಸವರಿ ನಾಲ್ಕು ಹಾಳೆ ತೆಗೆದುಕೊಟ್ಟ. ಮನೆಗೆ ತಂದು ತಟ್ಟಿದೆ, ಎರಡು ಟೊಳ್ಳು. ಆ ಎರಡನ್ನೇ ಮುಂಭಾಗಕ್ಕೆ ಹಾಕಿ, ಅಂಗಡಿಯ ಮುದ್ರೆ ಅಳಿಯದಂತೆ ಒಳಮುಖವಾಗಿ ಉಳಿಸಿದೆ.

ಮದುವೆಯ ದಿನ ಬೀಗರೆಲ್ಲ ಕೂತಿದ್ದರು. ಝರ್ರ್! ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

“ಏನ್ ಮಾಡಿಟ್ಟೀಯಲೇ?” ಎಂದು ವ್ಯಾಪಾರಿ ಮೈಮೇಲೆ ಬಂದ. ನಾನು ಡಬ್ಬಿಯ ಹಿಂದಿನ ಹಲಗೆ ಬಿಚ್ಚಿ, ಬೀಗರನ್ನು ಕರೆದು ಮುದ್ರೆ ತೋರಿಸಿದೆ. ಪಕ್ಕದಲ್ಲೇ ಉಳಿ ಹಾಕಿ ಸಂದು ತೆರೆದೆ.

“ಕೈ ನಂದ್ರಿ. ಜೀರುಂಡಿ ನಿಮ್ದು,” ಎಂದೆ.

ಬೀಗರಲ್ಲೊಬ್ಬರು ಸಂದಿನೊಳಗೆ ಬೆರಳು ಹಾಕಿ ನೋಡಿದರು. ಚಪ್ಪರದ ಹಿಂದೆ ಗಾಡಿಯಲ್ಲಿ ಯಾದಗಿರಿ ಹಾಳೆಯ ನನ್ನ ಜೋಡಿ ತಂದಿಟ್ಟಿದ್ದೆ. ಅದನ್ನು ಹಚ್ಚಿದೆ. ಡೋಲಿನ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ ಕೇಳಿತು. ಆ ಸಂಜೆಯೇ ಮೂವರು ಡಬ್ಬಿ ಕೇಳಿದರು.

ಪಶ್ಚಾತ್ತಾಪವೇ? ಎಳ್ಳಷ್ಟೂ ಇಲ್ಲ. ಇವತ್ತಿಗೂ ಆ ಅಂಗಡಿಗೆ ಹೋಗುತ್ತೇನೆ. ಬೇಕಿರಲಿ, ಬಿಡಲಿ, ಗಿರಾಕಿಗಳಿದ್ದಾಗ ಒಂದು ಹಾಳೆಗೆ ಕಿವಿಯಿಟ್ಟು ಟಕ್ ಟಕ್ ಎಂದು ತಟ್ಟುತ್ತೇನೆ. ಆತ ತಲೆ ಎತ್ತುವುದಿಲ್ಲ.