ಹತ್ತು ಪಂಜರಗಳ ಆರ್ಡರು

“ಅಗಲ ಮುಕ್ಕಾಲಡಿ ಸಾಕು ಸಾರ್, ಪುನುಗು ಬೆಕ್ಕಿಗೆ” ಎಂದು ಕೊಡಗಿನ ಕಾಫಿ ತೋಟದ ಮೇಸ್ತ್ರಿ ಪೀಣ್ಯದ ನನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ನಕ್ಷೆ ಬಿಡಿಸಿದ. ಏಳೆಂಟು ವರ್ಷದ ಹಿಂದಿನ ಮಾತು. ಅವನಿಗೆ ಹತ್ತು ಪಂಜರ ಬೇಕಿತ್ತು. ಆರ್ಡರು ಕೊಡುವ ಶುಭಕಾರ್ಯಕ್ಕೆಂದು ತಾನೇ ತಂದ ಪುಡಿಯಲ್ಲಿ ನಮಗೆಲ್ಲ ಕಾಫಿಯನ್ನೂ ಮಾಡಿಸಿದ್ದ. ನಾನು ಎರಡನೇ ಲೋಟ ಹೀರುತ್ತಾ, ತಳಕ್ಕೆ ತಗಡಿನ ಬದಲು ಜಾಲರಿ ಏಕೆಂದು ವೃತ್ತಿಗಾಂಭೀರ್ಯದಿಂದ ವಿಚಾರಿಸಿದೆ.

“ಹಿಕ್ಕೆ ಕೆಳಗೆ ಬೀಳ್ಬೇಕಲ್ಲ ಸಾರ್. ಕಾಫಿ ಹಣ್ಣು ತಿನ್ಸೋದು, ಹಿಕ್ಕೇಲಿ ಬರೋ ಬೀಜ ತೊಳೆದು ಹುರಿಯೋದು. ನೀವೀಗ ಕುಡೀತಿರೋದೂ ಅದೇ. ಇಷ್ಟು ದಿನ ತೋಟದಲ್ಲಿ ಹುಡುಕಿ ಆಯ್ತಿದ್ವಿ.”

ಲೋಟವನ್ನು ಸಕಲ ಮರ್ಯಾದೆಗಳೊಂದಿಗೆ ಕೆಳಗಿಟ್ಟೆ. ಆದರೂ ಕಣ್ಣು ನಕ್ಷೆಯ ಮೇಲೆಯೇ ಇತ್ತು.

“ಇಷ್ಟು ಅಗಲದಲ್ಲಿ ಬೆಕ್ಕು ತಿರುಗೋದು ಹೇಗಪ್ಪಾ?”

“ತಿರುಗೋದ್ಯಾಕೆ ಸಾರ್? ಮುಂದೆ ಹಣ್ಣು ಇರುತ್ತಲ್ಲ. ಸತ್ತೋದ್ರೆ ಇನ್ನೊಂದು ಹಿಡಿಯೋದು.”

ಆಮೇಲೆ ನನಗೆ ಲೋಟದ ನೆನಪೇ ಆಗಲಿಲ್ಲ. ಆಗಲ್ಲ ಎಂದು ನಕ್ಷೆ ಹಿಂದಿರುಗಿಸಿದೆ. ಅವನಿಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು.

ಮುಂದಿನ ವಾರ ಎದುರಿನ ಶೆಡ್ಡಿನ ಮುಂದೆ ಹತ್ತು ಪಂಜರಗಳು ಬಿಸಿಲಿನಲ್ಲಿ ಬಣ್ಣ ಒಣಗಿಸಿಕೊಳ್ಳುತ್ತಿದ್ದವು. ಕೆಲಸ ಅಚ್ಚುಕಟ್ಟಾಗಿತ್ತು. ನನ್ನ ಘನವಾದ ನಿರಾಕರಣೆಯಿಂದ ಆ ಬೆಕ್ಕುಗಳಿಗೆ ದಕ್ಕಿದ್ದು ಒಂದು ವಾರದ ಸ್ವಾತಂತ್ರ್ಯ.